ಕೇಕಿನೊಳಗೊಂದು ಕ್ಯೂ

"ಈ ಭಾನುವಾರ ನಿನ್ನನ್ನ ಸೋಲಿಸಿ ಮೂಲೆಗೆ ಕೂರಿಸದೇ ಇದ್ರೆ ನನ್ನ ಹೆಸರು ಹಾಲಿಸ್ ಗಿಟ್ಟೆನ್ಸ್ ಅಲ್ಲ!"

ಹೀಗೆ ಗುಡುಗಿದ ಹಾಲಿಸ್, ಗುಡುಗುವಾಗಲೂ ಕುರ್ಚಿಯಿಂದ ಏಳಲಿಲ್ಲ. ಅದು ಅಂತಿಂಥ ಕುರ್ಚಿಯಲ್ಲ, ಮಾರಿಸ್ ಕುರ್ಚಿ! ಅಗಲವಾದ ಮರದ ಕೈಗಳು, ಹಿಂದಕ್ಕೆ ಒರಗುವ ಬೆನ್ನು, ಕೂತವರನ್ನು ನುಂಗಿಬಿಡುವಂಥ ದಪ್ಪ ಮೆತ್ತೆ. ಹಾಲಿಸನ ಅಪ್ಪ ಸ್ವಂತ ಕೈಯಿಂದ ಮಾಡಿದ್ದು. ಕರೆಂಟ್ ಮೀಟರ್ ಓದುವ ಕೆಲಸದಿಂದ ನಿವೃತ್ತನಾದ ದಿನ ಹಾಲಿಸ್ ಅದರಲ್ಲಿ ಕೂತ. ಊಟ, ಸ್ನಾನ, ನಿದ್ದೆಗಳನ್ನು ಬಿಟ್ಟರೆ ಇನ್ನೂ ಎದ್ದಿಲ್ಲ. ನಿದ್ದೆಯೂ ಅರ್ಧಕ್ಕರ್ಧ ಅಲ್ಲೇ. ಒಂದು ಕಾಲಕ್ಕೆ ಅರಿಮಾ ಊರಿನ ಮನೆಮನೆಯ ಅಂಗಳ ಹೊಕ್ಕು, ಕಚ್ಚಲು ಬಂದ ನಾಯಿಗಳನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದ ಮನುಷ್ಯ ಈಗ ಪಕ್ಕದ ಮನೆಯವರು ಕಿಟಕಿಯಿಂದ ಕೈ ಬೀಸಿದರೂ ಪರದೆ ಎಳೆದುಕೊಳ್ಳುತ್ತಿದ್ದ.

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಟ್ರಿನಿಡಾಡಿನ ಹೆಂಗಸರ ಮೈಮೇಲೆ ದೇವರು ಬರುತ್ತದೆ. ಪರದೆ ಇಳಿಯುತ್ತದೆ, ಗೋಡೆಗೆ ಬಣ್ಣ ಏರುತ್ತದೆ, ಕಪಾಟು ಅಂಗಳಕ್ಕೆ ಬರುತ್ತದೆ. ಹಳೆಯದು ಯಾವುದೂ ಹೊಸ ವರ್ಷವನ್ನು ಕಾಣಬಾರದು. ಗಂಡನೊಬ್ಬನಿಗೆ ಮಾತ್ರ ವಿನಾಯಿತಿ.

"ಈ ಸಲ ಆ ಕುರ್ಚಿ ಬೀದಿಗೆ," ಎಂದಿದ್ದಳು ಅವನ ಹೆಂಡತಿ ಲಿಸ್ಟ್ರಾ, ಹಸಿ ತೊಗರಿಕಾಯಿ ಸುಲಿಯುತ್ತ.

"ಅಪ್ಪ ಮಾಡಿದ ಕುರ್ಚಿ ಕಣೇ ಅದು!"

"ಅಪ್ಪ ಮಾಡಿದ್ದು ಕೂತ್ಕೊಳ್ಳೋಕೆ. ಬೇರು ಬಿಡೋಕಲ್ಲ."

ಗಲಾಟೆ ಬೆಳೆದು, ತೊಗರಿಸಿಪ್ಪೆ ಹಾರಾಡಿ, ಕೊನೆಗೊಂದು ಒಪ್ಪಂದವಾಯಿತು. ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರದ ಆಟದಲ್ಲಿ ಹಾಲಿಸ್ ಗೆದ್ದರೆ ಕುರ್ಚಿ ಉಳಿಯಿತು. ಸೋತರೆ ಅವನೇ ಅದನ್ನು ಹೊತ್ತು ಗೇಟಿನ ಆಚೆ ಇಡಬೇಕು. ಹಾಲಿಸ್ ಗುಡುಗಿದ್ದು ಆಗಲೇ.

ಆಟವೆಂದರೆ ಸ್ಕ್ರ್ಯಾಬಲ್. ಚೀಲಕ್ಕೆ ಕೈಹಾಕಿ ಅಕ್ಷರದ ಬಿಲ್ಲೆಗಳನ್ನು ತೆಗೆಯಬೇಕು. ಕೈಗೆ ಬಂದ ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕಿ ಹಲಗೆಯ ಮೇಲೆ ಜೋಡಿಸಬೇಕು. ಅಕ್ಷರ ಅಪರೂಪದ್ದಾದಷ್ಟೂ ಅಂಕ ಹೆಚ್ಚು. ಮದುವೆಯಾದಾಗಿನಿಂದ ಪ್ರತಿ ಭಾನುವಾರ ಊಟವಾದ ಮೇಲೆ ಗಂಡ ಹೆಂಡತಿ ಆಡುತ್ತಾರೆ. ಮದುವೆಯಾದಾಗಿನಿಂದ ಪ್ರತಿ ಭಾನುವಾರ ಹಾಲಿಸ್ ಸೋಲುತ್ತಾನೆ. ಲಿಸ್ಟ್ರಾ ಬಟ್ಟೆ ಹೊಲಿಯುವವಳು. ಚೂರುಪಾರು ತುಂಡು ಕೊಟ್ಟರೂ ಅಂಗಿ ಮಾಡಬಲ್ಲಳು, ಎಂಥ ದರಿದ್ರ ಅಕ್ಷರ ಬಂದರೂ ಪದ ಮಾಡಬಲ್ಲಳು. ಅದರಲ್ಲೂ ಝಡ್ ಅಕ್ಷರ ಸಿಕ್ಕಿತೋ, ಕೋಳಿ ಮೊಟ್ಟೆ ಕಾಯುವಂತೆ ಕಾದು ಕೂತು, ಕೊನೆಗೆ ಹಾಲಿಸನ ನೆತ್ತಿಗೇ ಹೊಡೆಯುತ್ತಾಳೆ.

ಈ ಸಲ ಹಾಲಿಸ್ ಸುಮ್ಮನಿರಲಿಲ್ಲ. ಹಿಂದಿನ ಬೀದಿಯ ಪ್ಯಾಸ್ಕಲ್ ಮೇಷ್ಟ್ರಿಗೆ ಫೋನ್ ಮಾಡಿ, ತಲೆದಿಂಬಿನಷ್ಟು ದಪ್ಪದ ಡಿಕ್ಷನರಿ ತರಿಸಿಕೊಂಡು ತಪಸ್ಸಿಗೆ ಕೂತ. ಕುರ್ಚಿಯಲ್ಲೇ, ಬೇರೆಲ್ಲಿ! ಎಕ್ಸ್ ಇರುವ ಪದ, ಜೆ ಇರುವ ಪದ, ಕ್ಯೂ ಮತ್ತು ಝಡ್ ಎರಡೂ ಇರುವ ಪದ. ಅಂಥ ಒಂದು ಪದ ಸಿಕ್ಕರೆ ಲಿಸ್ಟ್ರಾಳ ಕೋಟೆ ಕುಸಿದಂತೆಯೇ. ಪುಟ ತಿರುವಿ ತಿರುವಿ ಬೆರಳು ಸವೆದು, ಬೇಸತ್ತು ತಲೆಯೆತ್ತಿದರೆ ಎದುರಿಗೆ ಗೋಡೆ ಗಡಿಯಾರ. ಅದರ ಮುಖದ ಮೇಲೆ ಬರೆದಿತ್ತು: ಕ್ವಾರ್ಟ್ಜ್! ಆರಂಭಕ್ಕೆ ಕ್ಯೂ, ಅಂತ್ಯಕ್ಕೆ ಝಡ್! ವರ್ಷಗಟ್ಟಲೆ ಕಣ್ಣೆದುರೇ ಟಿಕ್ ಟಿಕ್ ಎಂದು ಕರೆದಿದೆ, ಈ ಕುರ್ಚಿ ಮಹಾಶಯ ನೋಡಿಲ್ಲ.

ಪದವೇನೋ ಸಿಕ್ಕಿತು. ಆದರೆ ಚೀಲದಲ್ಲಿ ಕ್ಯೂ ಇರುವುದು ಒಂದೇ ಒಂದು, ಅದು ತನ್ನ ಕೈಗೇ ಬರಬೇಕಲ್ಲ? ಅಲ್ಲಿ ಹಾಲಿಸನ ಬುದ್ಧಿ ಅಡ್ಡದಾರಿ ಹಿಡಿಯಿತು. ಶನಿವಾರ ಬೆಳಿಗ್ಗೆ ಲಿಸ್ಟ್ರಾ ಹಿತ್ತಲಲ್ಲಿದ್ದಾಗ ಚೀಲಕ್ಕೆ ಕೈಹಾಕಿ, ಕ್ಯೂ ಬಿಲ್ಲೆಯನ್ನು ಮೆಲ್ಲಗೆ ಅಂಗಿಯ ಜೇಬಿಗೆ ಇಳಿಬಿಟ್ಟ. ಇದು ಕಳ್ಳತನವಲ್ಲ, ಮುಂಜಾಗ್ರತೆ ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡ.

"ಹಾಲಿಸ್! ತೋಳು ತಗೊಂಡು ಬಾ ಇಲ್ಲಿ!" ಅಡಿಗೆಮನೆಯಿಂದ ಕೂಗು.

"ತೋಳಿನ ಜೊತೆ ನಾನೂ ಬರ್ಬೇಕಾ?"

"ಬಿಚ್ಚಿ ಕಳ್ಸೋಕೆ ಬಂದ್ರೆ ತೋಳಷ್ಟೇ ಸಾಕು!"

ಕರಿಕೇಕಿನ ದಿನ ಅದು. ಕಳೆದ ಕ್ರಿಸ್‌ಮಸ್ ಮುಗಿದ ಮರುದಿನವೇ ರಮ್ಮಿನಲ್ಲಿ ನೆನೆಹಾಕಿದ ದ್ರಾಕ್ಷಿ, ಚೆರ್ರಿ, ಒಣಹಣ್ಣುಗಳು ವರ್ಷವಿಡೀ ಜಾಡಿಯಲ್ಲಿ ಕುಡಿದು ಮತ್ತೇರಿ ಕೂತಿರುತ್ತವೆ. ಅವನ್ನು ಬೆಣ್ಣೆ, ಸಕ್ಕರೆ, ಮೊಟ್ಟೆ, ಹಿಟ್ಟಿನ ಜೊತೆ ಕಲಸುವುದು ಗಂಡಸಿನ ತೋಳಿನ ಕೆಲಸ ಎಂಬುದು ಆ ಊರಿನ ಕಟ್ಟಳೆ. ಹಾಲಿಸ್ ದೊಡ್ಡ ಬೋಗುಣಿಯ ಮೇಲೆ ಬಗ್ಗಿ ಕಲಸಿದ. ಎಡಗೈಯಲ್ಲಿ ಕಲಸಿದ, ಬಲಗೈಯಲ್ಲಿ ಕಲಸಿದ, ಕೊನೆಗೆ ಹೊಟ್ಟೆಯನ್ನೂ ಆಸರೆ ಕೊಟ್ಟು ಕಲಸಿದ. ಸುಟ್ಟ ಸಕ್ಕರೆ ಸುರಿದ ಮೇಲೆ ಹಿಟ್ಟು ಅಮಾವಾಸ್ಯೆಯ ಹಾಗೆ ಕಪ್ಪಾಯಿತು. ಕೈ ತೊಳೆದು ಬಂದು ಕುರ್ಚಿಗೆ ಬಿದ್ದವನು ಗೊರಕೆ ಹೊಡೆಯತೊಡಗಿದ.

ಎಚ್ಚರವಾದಾಗ ಮನೆ ತುಂಬ ರಮ್ಮಿನ ಘಮ.

"ಕೇಕೆಲ್ಲಿ?"

"ಟ್ಯಾಂಟಿ ಯೂಲಾಲಿಗೊಂದು, ಪ್ಯಾಸ್ಕಲ್ ಮೇಷ್ಟ್ರಿಗೊಂದು, ರಾಮ್‌ಕಿಸೂನ್ ಮನೆಗೊಂದು ಕೊಟ್ಟು ಬಂದೆ. ದೀಪಾವಳಿಗೆ ಅವರು ಸಿಹಿ ಕಳಿಸಿದ ತಟ್ಟೆ ಹಾಗೇ ಉಳಿದಿತ್ತಲ್ಲ, ಅದರಲ್ಲೇ ಇಟ್ಟು ಕೊಟ್ಟೆ. ನಮ್ದು ಮೇಜಿನ ಮೇಲಿದೆ, ಮುಟ್ಟಬೇಡ." ಲಿಸ್ಟ್ರಾ ಪರದೆ ಹೊಲಿಯಲು ಒಳಕೋಣೆಗೆ ಹೋದಳು.

ಹಾಲಿಸ್ ಅಭ್ಯಾಸಬಲದಿಂದ ಜೇಬು ಮುಟ್ಟಿಕೊಂಡ. ಜೇಬು ಖಾಲಿ!

ಬೋಗುಣಿಯ ಮೇಲೆ ಬಗ್ಗಿದ್ದು ನೆನಪಾಯಿತು. ಅಂದರೆ ಕ್ಯೂ ಹಿಟ್ಟಿಗೆ ಬಿದ್ದಿದೆ! ಹಿಟ್ಟು ಕೇಕಾಗಿದೆ! ಕೇಕು ಊರು ಸೇರಿದೆ! ಇನ್ನು ಯಾರಾದರೂ ಅದನ್ನು ಕಚ್ಚಿದರೆಂದರೆ ಕ್ಯೂ ಅಲ್ಲಿಗೆ ಹೇಗೆ ಹೋಯಿತೆಂಬ ಪ್ರಶ್ನೆ ಬರುತ್ತದೆ. ಪ್ರಶ್ನೆ ಬಂದರೆ ಲಿಸ್ಟ್ರಾಗೆ ಉತ್ತರ ಹೊಳೆಯುತ್ತದೆ. ಹೊಳೆದರೆ ಅಪ್ಪನ ಕುರ್ಚಿ ಆಟವಿಲ್ಲದೆಯೇ ಬೀದಿಗೆ. ಸಾಲದ್ದಕ್ಕೆ, ಊರಿಗೆಲ್ಲ ಚಿಕ್ಕಮ್ಮನಾದ ಟ್ಯಾಂಟಿ ಯೂಲಾಲಿ ಮೊನ್ನೆಮೊನ್ನೆ ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದಾರೆ. ಆ ಹಲ್ಲಿಗೂ ಈ ಬಿಲ್ಲೆಗೂ ಭೇಟಿಯಾದರೆ ಗತಿಯೇನು!

ಹೆಂಡತಿಯ ಹೊಲಿಗೆ ಬುಟ್ಟಿಯಿಂದ ತುದಿಗೆ ಕೊಕ್ಕೆಯಿರುವ ಒಂದು ಕ್ರೋಶಾ ಕಡ್ಡಿ ಎಗರಿಸಿ, ಮೊದಲು ಮನೆಯ ಕೇಕನ್ನೇ ಬುಡದಿಂದ ಚುಚ್ಚಿ ನೋಡಿದ. ಕ್ಯೂ ಇಲ್ಲ. ಕಡ್ಡಿಯನ್ನು ತೋಳೊಳಗೆ ಅಡಗಿಸಿಕೊಂಡು ಹಾಲಿಸ್ ಗಿಟ್ಟೆನ್ಸ್ ಗೇಟು ದಾಟಿದ. ಬೀದಿಯ ನಾಯಿಗಳು ಯಾರೋ ಹೊಸಬನೆಂದು ಬೊಗಳಿದವು.

"ಅಯ್ಯೋ, ಯಾರಿದು! ಬದುಕಿದೀಯೇನೋ?" ಟ್ಯಾಂಟಿ ಬಾಗಿಲಲ್ಲೇ ಕೆನ್ನೆ ಹಿಂಡಿದರು. ಹೊಸ ಹಲ್ಲು ಪೂರ್ತಿ ಕಾಣುವಂತೆ ನಕ್ಕರು. "ಪಕ್ಕದ ಮನೇಲಿದ್ದೂ ಮುಖ ತೋರಿಸ್ದೆ ಎಷ್ಟು ಕಾಲ ಆಯ್ತೋ! ಕೂತ್ಕೋ."

ಕೇಕು ಮೇಜಿನ ಮೇಲೆ ಲೇಸಿನ ಬಟ್ಟೆ ಹೊದ್ದು ಕೂತಿತ್ತು.

"ಟ್ಯಾಂಟಿ, ಒಂದು ತುಂಡು ಕೇಕ್ ಕತ್ತರಿಸೋಣ್ವಾ?"

"ಕ್ರಿಸ್‌ಮಸ್‌ಗೆ ಮುಂಚೆ ಕೇಕ್ ಕತ್ತರಿಸೋದಾ? ನಿನ್ನ ತಲೆ ನೆಟ್ಟಗಿದೆಯಾ?"

"ಹಾಗಾದ್ರೆ... ಕುಡಿಯೋಕೆ ಏನಾದ್ರೂ..."

ಮೊಟ್ಟೆ, ಹಾಲು, ರಮ್ಮು ಸೇರಿಸಿದ ಪೊಂಚೆ ಕ್ರೀಮ್ ತರಲು ಟ್ಯಾಂಟಿ ಒಳಗೆ ಹೋದದ್ದೇ ತಡ, ಹಾಲಿಸ್ ಲೇಸು ಸರಿಸಿ ಕಡ್ಡಿ ಇಳಿಸಿದ. ಬಲಕ್ಕೆ ಚುಚ್ಚಿದ, ಎಡಕ್ಕೆ ಚುಚ್ಚಿದ. ಕಡ್ಡಿಯ ಕೊಕ್ಕೆಗೆ ಏನೋ ಸಿಕ್ಕಿತು! ಎಳೆದರೆ ಬಂದದ್ದು ಒಂದು ಚೆರ್ರಿ ಹಣ್ಣು.

"ಏನೋ ಅದು?" ಬೆನ್ನ ಹಿಂದೆ ಧ್ವನಿ.

"ಕಡ್ಡಿ, ಟ್ಯಾಂಟಿ."

"ಕಡ್ಡಿ ಅಂತ ನಂಗೂ ಕಾಣುತ್ತೆ. ನನ್ನ ಕೇಕಿಗೆ ಯಾಕೆ ಇಂಜೆಕ್ಷನ್ ಕೊಡ್ತಿದೀಯ?"

"ಅದು... ಒಳಗೆ ಬೆಂದಿದೆಯೋ ಇಲ್ವೋ ಅಂತ... ಲಿಸ್ಟ್ರಾಗೆ ಸ್ವಲ್ಪ ಅನುಮಾನ..."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಟ್ಯಾಂಟಿಯ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಅನುಕಂಪ, ಅದರ ಹಿಂದೆಯೇ ಸುದ್ದಿ ಹೇಳುವ ಆತುರ ಮೂಡಿತು. ಲಿಸ್ಟ್ರಾಳ ಕೇಕು ಬೆಂದಿಲ್ಲವೇ? ಊರ ಹುಡುಗಿಯರೆಲ್ಲ ಪಾಠ ಕಲಿಯಲು ಬರುವ ಆ ಕೈಯ ಕೇಕು? ಪೊಂಚೆ ಕ್ರೀಮನ್ನು ಒಂದೇ ಗುಟುಕಿಗೆ ಇಳಿಸಿ ಹಾಲಿಸ್ ಹೊರಡುವಾಗ, ಬರಿಗೈಯಲ್ಲಿ ಕಳಿಸಬಾರದೆಂದು ಟ್ಯಾಂಟಿ ಮಾಂಸ ತುಂಬಿ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಪ್ಯಾಸ್ಟೆಲ್ ಕಡುಬುಗಳ ಗಂಟನ್ನು ಕೈಗಿಟ್ಟರು. ಇನ್ನೊಂದು ಕೈಯಲ್ಲಿ ಆಗಲೇ ಫೋನು ಹಿಡಿದಿದ್ದರು.

ಪ್ಯಾಸ್ಕಲ್ ಮೇಷ್ಟ್ರು ಒಂಟಿ ಮನುಷ್ಯ. ಕ್ರಿಸ್‌ಮಸ್‌ವರೆಗೆ ಕಾಯುವ ವ್ರತ ಅವರಿಗಿಲ್ಲ. ಹಾಲಿಸ್ ಹೋದಾಗ ಅರ್ಧ ಕೇಕು ಮುಗಿದು, ಮೇಷ್ಟ್ರು ಕಣ್ಣುಮುಚ್ಚಿ ಅಗಿಯುತ್ತಿದ್ದರು.

"ಅಗಿಯಬೇಡಿ ಸಾರ್!"

ಮೇಷ್ಟ್ರು ಕಣ್ಣು ತೆರೆದರು. "ಮತ್ತೆ? ಹಾಗೇ ನುಂಗ್ಲಾ?"

"ನುಂಗಲೂಬೇಡಿ!"

"ಹಾಲಿಸ್, ಕೂತ್ಕೋ. ಡಿಕ್ಷನರಿ ಓದಿ ಓದಿ ತಲೆಗೇರಿದೆ ನಿಂಗೆ."

ಕೂತ. ಮೇಷ್ಟ್ರು ಕೊಟ್ಟ ಶುಂಠಿ ಬಿಯರ್ ಕುಡಿದ. ಮೇಷ್ಟ್ರ ದವಡೆಯನ್ನೇ ನೋಡುತ್ತ, ಎಲ್ಲಿ ಕಟಕ್ ಎಂದೀತೋ ಎಂದು ಉಸಿರು ಬಿಗಿಹಿಡಿದ. ಆಗಲೇ ಫೋನು ಹೊಡೆದುಕೊಂಡಿತು. "ಹಲೋ ಟ್ಯಾಂಟಿ... ಹೌದಾ?... ಹಸಿಯಾ?... ಛೆ ಛೆ ಛೆ!" ಮೇಷ್ಟ್ರು ಫೋನಿಟ್ಟು, ಬಾಯಲ್ಲಿದ್ದುದನ್ನು ಏನು ಮಾಡುವುದೆಂದು ತೋಚದೆ ಹಾಲಿಸನನ್ನೇ ನೋಡಿದರು.

ಹಾಲಿಸ್ ಓಡಿದ. ಓಡುವುದೆಂದರೆ, ಆ ಹೊಟ್ಟೆಗೆ ಎಷ್ಟು ಸಾಧ್ಯವೋ ಅಷ್ಟು.

ಆದರೆ ಸುದ್ದಿಗೆ ಹೊಟ್ಟೆಯಿಲ್ಲ. ಬಾಯ್ಸಿ ರಾಮ್‌ಕಿಸೂನನ ಮನೆಯ ಜಗಲಿಗೆ ಅದು ಮೊದಲೇ ತಲುಪಿತ್ತು. ಮೇಜಿನ ಮೇಲೆ ದೀಪಾವಳಿಯ ತಟ್ಟೆ, ತಟ್ಟೆಯಲ್ಲಿ ಕೇಕು. ಅದರ ಸುತ್ತ ಬಾಯ್ಸಿ, ಅವನ ಹೆಂಡತಿ ಸುಮಿಂತ್ರಾ, ಎದುರುಮನೆಯವರು, ಎಲ್ಲರೂ ರೋಗಿಯನ್ನು ನೋಡಲು ಬಂದವರಂತೆ ಕೂತಿದ್ದರು. ಹಾಲಿಸನ ಬೆನ್ನಿಗೇ ಟ್ಯಾಂಟಿ ತಮ್ಮ ಕೇಕು ಹೊತ್ತು ಬಂದರು. ಅವರ ಹಿಂದೆ ಅರ್ಧ ಕೇಕಿನೊಡನೆ ಮೇಷ್ಟ್ರು.

"ಪಾಪ ಲಿಸ್ಟ್ರಾ," ಸುಮಿಂತ್ರಾ ದನಿ ತಗ್ಗಿಸಿದಳು. "ವಯಸ್ಸಾಯ್ತು. ಕೈ ಸೋತಿದೆ. ನಾವ್ಯಾರೂ ಅವಳ ಮುಂದೆ ಆಡೋದು ಬೇಡ."

"ತಿಂದ್ವಿ, ಚೆನ್ನಾಗಿತ್ತು ಅನ್ನೋಣ," ಎಂದ ಬಾಯ್ಸಿ. "ಮುಂದಿನ ವರ್ಷ ಬೇಕ್ರೀದು ತಂದ್ರಾಯ್ತು."

ಬೇಕರಿಯದು! ವರ್ಷವಿಡೀ ಜಾಡಿಯ ಮುಚ್ಚಳ ತೆಗೆದು ವಾಸನೆ ನೋಡಿ, ರಮ್ಮು ಕಡಿಮೆಯಾಯಿತೆಂದು ಮತ್ತೆ ಸುರಿದು, ಹಣ್ಣುಗಳಿಗೆ ಜೋಗುಳ ಹಾಡಿದಂತೆ ಕಾಪಾಡುವ ಲಿಸ್ಟ್ರಾ ಹಾಲಿಸನ ಕಣ್ಣಮುಂದೆ ಬಂದಳು. ಈ ಜನ ಅವಳೆದುರು ಸುಳ್ಳುಸುಳ್ಳೇ ಹೊಗಳುತ್ತಾರೆ. ಅವಳು ಅದನ್ನು ನಂಬಿ ಮುಂದಿನ ವರ್ಷಕ್ಕೆ ಹಣ್ಣು ನೆನೆಹಾಕುತ್ತಾಳೆ. ಅದನ್ನು ನೆನೆದು ಅವನಿಗೆ ಅಳುವೇ ಬಂತು. ಒಂದು ಕುರ್ಚಿಗೋಸ್ಕರ ಇಷ್ಟೆಲ್ಲ!

"ಸುಮ್ನಿರ್ರೋ ಎಲ್ಲ!" ಎಂದು ಅಬ್ಬರಿಸಿದ. ಚಾಕು ಕಿತ್ತುಕೊಂಡು, ಕೇಕಿನಿಂದ ಇಟ್ಟಿಗೆಯಂಥ ತುಂಡು ಕತ್ತರಿಸಿ ಬಾಯಿಗೆ ತುರುಕಿದ. "ನೋಡಿ! ಬೆಂದಿದೆ! ಇದರಂಥ ಕೇಕು ಈ ದ್ವೀಪದಲ್ಲೇ ಇಲ್ಲ! ಹಸಿಯಾಗಿರೋದು ಕೇಕಲ್ಲ, ನನ್ನ ಬುದ್ಧಿ! ನಾನು ಕಳ್ಳ ಕಣ್ರೋ! ನಾಳೆ ಆಟದಲ್ಲಿ ಗೆಲ್ಲೋಕೆ ಕ್ಯೂ ಬಿಲ್ಲೆ ಕದ್ದೆ. ಅದು ಹಿಟ್ಟಿಗೆ ಬಿತ್ತು. ಅದನ್ನ ಹುಡುಕೋಕೆ ಕಡ್ಡಿ ಹಿಡ್ಕೊಂಡು ಮನೆಮನೆ ಸುತ್ತಿದೆ. ಲಿಸ್ಟ್ರಾ ಕೈ ಬಗ್ಗೆ ಇನ್ನೊಂದು ಮಾತಾಡಿದ್ರೆ ನೋಡಿ ಮತ್ತೆ!"

ಟ್ಯಾಂಟಿ ತಮ್ಮ ಹೊಸ ಹಲ್ಲನ್ನು ಮುಟ್ಟಿ ನೋಡಿಕೊಂಡರು.

"ಅಂದ್ರೆ," ಬಾಯ್ಸಿ ನಿಧಾನವಾಗಿ ಹೇಳಿದ, "ಈ ಕೇಕುಗಳಲ್ಲಿ ಎಲ್ಲೋ ಒಂದು ಕಡೆ ಕ್ಯೂ ಇದೆ."

ಅಷ್ಟೇ! ಎಲ್ಲರ ಕೈಗೂ ಚಮಚ, ಫೋರ್ಕು, ಚಾಕು ಬಂದವು. ಅಗೆದರು, ಬಗೆದರು, ಪುಡಿ ಮಾಡಿದರು, ಜರಡಿಯನ್ನೂ ಹಿಡಿದರು. ದ್ರಾಕ್ಷಿ ಸಿಕ್ಕಿತು, ಬಾದಾಮಿ ಸಿಕ್ಕಿತು, ಕ್ಯೂ ಸಿಗಲಿಲ್ಲ. ಆಮೇಲೆ ಎಲ್ಲರ ಕಣ್ಣೂ ಒಟ್ಟಿಗೆ ಮೇಷ್ಟ್ರ ಹೊಟ್ಟೆಯ ಮೇಲೆ ನೆಟ್ಟವು. ಅರ್ಧ ಕೇಕು ಇದ್ದದ್ದು ಅಲ್ಲೇ ತಾನೇ!

"ನಂಗೇನೂ ಆಗ್ತಿಲ್ಲಪ್ಪ," ಎಂದರು ಮೇಷ್ಟ್ರು, ಹೊಟ್ಟೆ ನೀವಿಕೊಳ್ಳುತ್ತ. ಆದರೂ ದನಿ ಸಣ್ಣಗಾಗಿತ್ತು.

ಪುಡಿಯಾದ ಕೇಕುಗಳನ್ನು ಒಂದು ಪಾತ್ರೆಗೆ ತುಂಬಿಕೊಂಡು, ಮೇಷ್ಟ್ರನ್ನು ನಡುವೆ ಹುಷಾರಾಗಿ ನಡೆಸಿಕೊಂಡು, ಇಡೀ ಮೆರವಣಿಗೆ ಲಿಸ್ಟ್ರಾಳ ಮನೆಗೆ ಹೊರಟಿತು. ಲಿಸ್ಟ್ರಾ ಜಗಲಿಯಲ್ಲಿದ್ದಳು. ಗುಡಿಸಲೆಂದು ಹಾಲಿಸನ ಕುರ್ಚಿಯನ್ನು ಎಳೆದು ತಂದಿದ್ದಳು. ಅದರ ಮೆತ್ತೆ ಒಂದು ಕಡೆ, ಅವಳು ಒಂದು ಕಡೆ.

"ಇದನ್ನ ಹುಡುಕ್ತಿದೀರಾ?" ಅಂಗೈ ಬಿಚ್ಚಿದಳು. ಅಂಗೈಯಲ್ಲಿ ಕ್ಯೂ! "ಮೆತ್ತೆ ಸಂದಿಯಲ್ಲಿತ್ತು. ಜೊತೆಗೆ ಇದೂ." ಇನ್ನೊಂದು ಕೈಯಲ್ಲಿ, ಎಂದೋ ಕಳೆದುಹೋಗಿತ್ತೆಂದು ಮನೆಯೆಲ್ಲ ತಡಕಾಡಿದ್ದ ಅವಳ ಕಿವಿಯೋಲೆ.

ಹಾಲಿಸ್ ಗೊರಕೆ ಹೊಡೆಯುವಾಗ ಬಿಲ್ಲೆ ಜೇಬಿನಿಂದ ಜಾರಿತ್ತು! ಹಿಟ್ಟಿಗೆ ಬಿದ್ದೇ ಇರಲಿಲ್ಲ! ಮೇಷ್ಟ್ರು ಆ ಕ್ಷಣದಿಂದ ಆರೋಗ್ಯವಂತರಾದರು. ಲಿಸ್ಟ್ರಾ ಪಾತ್ರೆಯೊಳಗೆ ಇಣುಕಿ ನೋಡಿದಳು.

"ಏನಿದು?"

"ಕೇಕು," ಎಂದ ಹಾಲಿಸ್.

"ಮೂರೂ?"

"ಎರಡೂವರೆ."

ಹಾಲಿಸ್ ನೇರ ಹೋಗಿ ಕುರ್ಚಿಯನ್ನು ಅಪ್ಪಿ ಎತ್ತಿದ. "ನಾನು ಸೋತೆ ಲಿಸ್ಟ್ರಾ. ಆಟ ಬೇಡ. ಕದ್ದಿದ್ದು ನಾನು, ನಿನ್ನ ಕೇಕು ಬೆಂದಿಲ್ಲ ಅಂದಿದ್ದೂ ನಾನೇ. ಹೊರಗಿಟ್ಟು ಬರ್ತೀನಿ."

"ಕೆಳಗಿಡು."

"ಇಲ್ಲ, ಮಾತು ಅಂದ್ರೆ ಮಾತು."

"ಕೆಳಗಿಡು ಮಾರಾಯ, ಸೊಂಟ ಹಿಡ್ಕೊಳ್ಳುತ್ತೆ!" ಲಿಸ್ಟ್ರಾ ಕುರ್ಚಿಯ ಇನ್ನೊಂದು ಕೈ ಹಿಡಿದಳು. "ಕುರ್ಚಿ ಮೇಲೆ ನಂಗೇನು ಸಿಟ್ಟೋ ಹಾಲಿಸ್? ನಿನ್ನನ್ನ ನೋಡಿ ಹೆದರಿಕೆ ಆಗಿತ್ತು. ಊರೆಲ್ಲ ತಿರುಗ್ತಿದ್ದೋನು, ದಿನಾ ಬಂದು ಯಾರ ನಾಯಿ ಮರಿ ಹಾಕ್ತು ಅಂತ ಹೇಳ್ತಿದ್ದೋನು. ಈಗ ಗಡಿಯಾರ ನೋಡ್ತಾ ಕೂತಿರ್ತೀಯ. ಒಂದಿನ ಎಬ್ಬಿಸೋಕೆ ಬಂದ್ರೆ ಏಳದೇ ಹೋದ್ರೆ ಅಂತ..." ಅಷ್ಟಕ್ಕೆ ನಿಲ್ಲಿಸಿ ಮೂಗು ಒರೆಸಿಕೊಂಡಳು. "ನೀನು ಬಾಯ್ಸಿ ಜಗಲೀಲಿ ಕೂಗಾಡಿದ್ದು ಇಲ್ಲಿಗೇ ಕೇಳ್ತು, ಡೂಡೂ. ಇಡೀ ಅರಿಮಾಗೆ ಕೇಳಿರುತ್ತೆ."

ಮುದ್ದು ಬಂದಾಗ ಮಾತ್ರ ಅವಳ ಬಾಯಲ್ಲಿ ಬರುವ ಆ ಹೆಸರನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಹಾಲಿಸ್ ಕುರ್ಚಿಯನ್ನು ಕೆಳಗಿಟ್ಟ.

"ಆಟ ಮಾತ್ರ ನಡೀಬೇಕು!" ಎಂದರು ಟ್ಯಾಂಟಿ. "ನಾಳೆ ನಾವೆಲ್ಲ ಬರ್ತೀವಿ. ಕಳ್ಳನ ಕೈ ಮೇಲೆ ಕಣ್ಣಿಡೋಕೆ ಜನ ಬೇಕಲ್ಲ."

ಭಾನುವಾರ ಎಲ್ಲರೂ ಬಂದರು. ಮೇಷ್ಟ್ರು ಸಾಕ್ಷಿಯಾಗಿ ಹಾಲಿಸನ ಜೇಬು ತಡಕಿದರು. ಕೇಕಿನ ಪುಡಿಗೆ ಪೊಂಚೆ ಕ್ರೀಮ್ ಸುರಿದು ಲಿಸ್ಟ್ರಾ ಬಟ್ಟಲುಗಳಲ್ಲಿ ಹಂಚಿದಳು. ಕ್ರಿಸ್‌ಮಸ್‌ಗೆ ಹೊಸ ಹಿಟ್ಟು ಕಲಸುವ ಶಿಕ್ಷೆ ಹಾಲಿಸನಿಗೇ, ಅದೂ ಜೇಬಿಲ್ಲದ ಬನಿಯನ್ನಿನಲ್ಲಿ.

ಆಟ ಏರಿತು, ಇಳಿಯಿತು. ಎಂದಿನಂತೆ ಲಿಸ್ಟ್ರಾ ಮುಂದು, ಹಾಲಿಸ್ ಹಿಂದು. ಕೊನೆಕೊನೆಗೆ ಚೀಲಕ್ಕೆ ಕೈಹಾಕಿದರೆ, ಏನಾಶ್ಚರ್ಯ! ಕ್ಯೂ ತಾನಾಗಿಯೇ ಕೈಗೆ ಬಂತು. ಯು ಮತ್ತು ಐ ಮೊದಲೇ ಇದ್ದವು. ಆದರೆ ಕ್ವಾರ್ಟ್ಜಿಗೆ ಬೇಕಾದ ಬಾಕಿ ಅಕ್ಷರಗಳು ಒಂದೂ ಇಲ್ಲ. ತಪಸ್ಸೆಲ್ಲ ನೀರುಪಾಲು!

ಆಗ ಲಿಸ್ಟ್ರಾ ತನ್ನ ಸರದಿ ಆಡಿದಳು. ಇಟ್ಟದ್ದು ಪುಟ್ಟ ಪದ, ಝೂ. ಮೊಟ್ಟೆಯಂತೆ ಕಾಯುವ ಝಡ್ಡನ್ನು, ಮೇಲೆ ಜಾಗ ಖಾಲಿಯಿರುವ ಕಡೆ, ಬಾಗಿಲು ತೆರೆದಿಟ್ಟಂತೆ ಇಟ್ಟಿದ್ದಳು! ಮದುವೆಯಾದಾಗಿನಿಂದ ಅಂಥ ದಡ್ಡ ಆಟ ಅವಳು ಆಡಿದ್ದಿಲ್ಲ. ಹಾಲಿಸ್ ತಲೆಯೆತ್ತಿದ. ಲಿಸ್ಟ್ರಾ ಛಾವಣಿ ನೋಡುತ್ತ, ಸಿಕ್ಕ ಕಿವಿಯೋಲೆಯನ್ನು ಸರಿಮಾಡಿಕೊಳ್ಳುತ್ತಿದ್ದಳು.

ಹಾಲಿಸ್ ಝಡ್‌ನ ಮೇಲಿನ ಖಾಲಿ ಜಾಗದಲ್ಲಿ ಐ ಇಟ್ಟ, ಅದರ ಮೇಲೆ ಯು, ಅದರ ಮೇಲೆ ಕ್ಯೂ. ಶಾಲೆಯ ಮಕ್ಕಳಿಗೂ ಗೊತ್ತಿರುವ ಪದ: ಕ್ವಿಜ್! ಡಿಕ್ಷನರಿಯೂ ಬೇಕಿರಲಿಲ್ಲ, ಗಡಿಯಾರವೂ ಬೇಕಿರಲಿಲ್ಲ. ಮೇಷ್ಟ್ರು ಅಂಕ ಕೂಡಿದರು, ಕನ್ನಡಕ ಒರೆಸಿ ಮತ್ತೆ ಕೂಡಿದರು. "ಕೂದಲೆಳೆಯಷ್ಟು ಅಂತರ. ಆದ್ರೂ ಹಾಲಿಸ್ ಗೆದ್ದ!"

ಜಗಲಿಯಲ್ಲಿ ಹೋ ಎಂಬ ಗದ್ದಲವೆದ್ದಿತು. ಹಾಲಿಸ್ ಎದೆಯುಬ್ಬಿಸಿ, ಪಟ್ಟಾಭಿಷೇಕಕ್ಕೆ ನಡೆಯುವ ರಾಜನಂತೆ ಗಂಭೀರ ಹೆಜ್ಜೆಯಿಡುತ್ತ ಅಪ್ಪನ ಕುರ್ಚಿಯ ಕಡೆ ತಿರುಗಿದ.

ಕುರ್ಚಿಯಲ್ಲಿ ಟ್ಯಾಂಟಿ ಯೂಲಾಲಿ. ಮೆತ್ತೆಯೊಳಗೆ ಅರ್ಧ ಮುಳುಗಿ, ಬಟ್ಟಲು ಮಡಿಲಲ್ಲಿಟ್ಟು, ಹೊಸ ಹಲ್ಲೆಲ್ಲ ತೋರಿಸುತ್ತ ನಗುತ್ತಿದ್ದರು.

"ಎಂಥ ಸುಖದ ಕುರ್ಚಿಯೋ ಹಾಲಿಸ್! ನಾನು ಇನ್ನು ಪ್ರತಿ ಭಾನುವಾರ ಇಲ್ಲೇ ಬಂದುಬಿಡ್ತೀನಿ."

"ಬನ್ನಿ ಟ್ಯಾಂಟಿ, ನಿಮಗೋಸ್ಕರವೇ ಉಳಿಸಿದ್ದು," ಎಂದಳು ಲಿಸ್ಟ್ರಾ. ಆಮೇಲೆ ಗಂಡನ ಕಡೆ ತಿರುಗಿದಳು. "ಗೆದ್ದಾಯ್ತಲ್ಲ, ಇನ್ನೇನು ನೋಡ್ತಾ ನಿಂತಿದೀಯ? ಹೇಗೂ ಎದ್ದಿದೀಯ. ಎಲ್ಲರಿಗೂ ಒಂದೊಂದು ಲೋಟ ಶರಬತ್ತು ತಾ."